ಕನ್ನಡ ಬಂದರೆ ಸಾಕೆ, ಓದು ಕಲಿಸಲು?

ಏಳು ವರ್ಷ ಮಕ್ಕಳಿಗೆ ಕನ್ನಡ ಓದಲು ಕಲಿಸಿದೆ ಎಂದು ಹೇಳಿಕೊಂಡು ತಿರುಗಿದವನು ನಾನು. ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲು ಈ ಲೇಖನ ಬರೆಯುತ್ತಿದ್ದೇನೆ.

ಮೊದಲ ನಾಲ್ಕು ವರ್ಷ ಅಬುಧಾಬಿಯ ಎಲೆಕ್ಟ್ರಾ ರಸ್ತೆಯ ಒಂದು ಫ್ಲ್ಯಾಟಿನ ಹಾಲಿನಲ್ಲಿ, ಕೆಲಸ ದುಬೈಗೆ ಬದಲಾದ ಮೇಲೆ ಮೂರು ವರ್ಷ ಅಲ್ ಕುಸೈಸ್‌ನಲ್ಲಿ. ಆಗ ಇಲ್ಲಿ ವಾರದ ರಜೆ ಶುಕ್ರವಾರ. ಶನಿವಾರ, ಭಾನುವಾರಕ್ಕೆ ಬದಲಾದದ್ದು 2022ರಲ್ಲಿ. ಬೆಳಿಗ್ಗೆ ಒಂಬತ್ತಕ್ಕೆ ಸೋಫಾ ಗೋಡೆಗೆ ಸರಿಸಿ, ಚಾಪೆ ಹಾಸಿ, ಬಿಳಿ ಹಲಗೆ ಎತ್ತಿ ನಿಲ್ಲಿಸಿದರೆ ಶಾಲೆ ಸಿದ್ಧ. ಹನ್ನೊಂದಕ್ಕೆ ಜ್ಯೂಸ್ ಪೊಟ್ಟಣ ಹಂಚಿದರೆ ಮುಗಿಯಿತು. ಹದಿನೈದು, ಇಪ್ಪತ್ತು ಮಕ್ಕಳು. ಒಬ್ಬರ ಮನೆಮಾತು ತುಳು, ಇನ್ನೊಬ್ಬರದು ಬ್ಯಾರಿ, ಮತ್ತೊಬ್ಬರದು ಕೊಂಕಣಿ, ಒಂದಿಬ್ಬರದು ಧಾರವಾಡದ ಕಡೆಯ ಕನ್ನಡ. ಎಲ್ಲರ ಆಟದ ಭಾಷೆ ಇಂಗ್ಲಿಷ್.

ನನ್ನ ಅರ್ಹತೆ ಏನಿತ್ತು? ಪುತ್ತೂರಿನ ಹತ್ತಿರದ ಕನ್ನಡ ಶಾಲೆಯಲ್ಲಿ ಓದಿದ್ದೆ. ಮನೆಯಲ್ಲಿ ತುಳುವಾದರೂ ಪತ್ರಿಕೆ, ಕಾದಂಬರಿ ಎಲ್ಲ ಕನ್ನಡದಲ್ಲೇ. ಬಿ.ಕಾಂ. ಆಯಿತು, ಸಿ.ಎ. ಆಯಿತು. ಅಂದರೆ, ನನಗೆ ಕನ್ನಡ ಬರುತ್ತಿತ್ತು. ಅಷ್ಟೆ. ಆ ಅಷ್ಟನ್ನೇ ಸಾಕೆಂದು ನಂಬಿದವರು ನಾನೊಬ್ಬನೇ ಅಲ್ಲ, ಇಡೀ ಅನಿವಾಸಿ ಕನ್ನಡ ಲೋಕವೇ ಹಾಗೆ ನಂಬಿ ಕೂತಿದೆ.

ಒಂದು ಕಂಪನಿಯ ಲೆಕ್ಕಪತ್ರಕ್ಕೆ ಸಹಿ ಹಾಕುವ ಹಕ್ಕು ಸಿಗಬೇಕಾದರೆ ನಾನು ಪರೀಕ್ಷೆಗಳ ಮೇಲೆ ಪರೀಕ್ಷೆ ಬರೆದೆ. ಮಂಗಳೂರಿನಲ್ಲಿ ಒಬ್ಬ ಹಿರಿಯರ ಕೈಕೆಳಗೆ ಮೂರು ವರ್ಷ ಆರ್ಟಿಕಲ್‌ಶಿಪ್ ಮಾಡಿದೆ, ವೋಚರಿಗೆ ಟಿಕ್ ಹಾಕಿ ಹಾಕಿ ಬೆರಳು ಸವೆಸಿದೆ. ಪಾಸಾದ ಮೇಲೂ ಬಿಡಲಿಲ್ಲ. ಇಂತಿಷ್ಟು ಗಂಟೆ ಹೊಸದನ್ನು ಕಲಿತೆ ಎಂದು ಇಂದಿಗೂ ಲೆಕ್ಕ ಒಪ್ಪಿಸಬೇಕು. ಯುಎಇಯಲ್ಲಿ 2018ರಲ್ಲಿ ಶೇಕಡಾ 5ರ ವ್ಯಾಟ್ ಬಂದಾಗ, 2023ರಲ್ಲಿ ಕಾರ್ಪೊರೇಟ್ ತೆರಿಗೆ ಬಂದಾಗ, ಹದಿನೈದು ವರ್ಷದ ಅನುಭವಸ್ಥರೂ ಮತ್ತೆ ತರಗತಿಗೆ ಹೋಗಿ ಬೆಂಚಿನಲ್ಲಿ ಕೂತೆವು. ಯಾರಿಗೂ ಅವಮಾನ ಅನ್ನಿಸಲಿಲ್ಲ. ‘ನನಗೆ ಕೂಡಿಸುವ ಕಳೆಯುವ ಲೆಕ್ಕ ಬರುತ್ತದೆ, ಆಡಿಟ್ ಮಾಡಿಕೊಡುತ್ತೇನೆ’ ಎಂದು ಯಾರಾದರೂ ಬಂದರೆ ಬಾಗಿಲು ತೋರಿಸುತ್ತೇವೆ. ಮಗುವಿನ ಓದಿನ ವಿಷಯಕ್ಕೆ ಬಂದರೆ ಮಾತ್ರ ಅಂಥವರನ್ನೇ ಕರೆದು ಶಾಲು ಹೊದಿಸುತ್ತೇವೆ. ನನಗೂ ಎರಡು ಶಾಲು ಬಂದಿವೆ.

ಆ ಹುಡುಗನ ವಿಷಯ ಹೇಳಬೇಕು. ಒಂಬತ್ತು ವರ್ಷ, ನಮ್ಮ ಊರ ಕಡೆಯವನೇ, ಮನೆಮಾತು ತುಳು. ಎರಡು ವರ್ಷ ತಪ್ಪದೆ ಬಂದ. ವರ್ಣಮಾಲೆಯನ್ನು ಅ ಇಂದ ಳ ವರೆಗೆ ಎಲ್ಲರಿಗಿಂತ ಜೋರಾಗಿ ಹೇಳುತ್ತಿದ್ದ. ಪುಸ್ತಕ ತೆರೆದರೆ ‘ಮರ’, ‘ಸರ’ ದಾಟುತ್ತಿರಲಿಲ್ಲ. ಚಿತ್ರ ನೋಡಿ ಊಹಿಸಿ ಹೇಳುತ್ತಿದ್ದ, ಚಿತ್ರ ಮುಚ್ಚಿದರೆ ನನ್ನ ಮುಖ ನೋಡುತ್ತಿದ್ದ. ಅವನ ಅಪ್ಪನಿಗೆ ನಾನು ಹೇಳಿದ್ದು ನನಗೆ ಅಕ್ಷರಶಃ ನೆನಪಿದೆ: “ಹುಡುಗನಿಗೆ ಆಸಕ್ತಿ ಇಲ್ಲ ಮಾರಾಯ್ರೆ, ಮನೆಯಲ್ಲಿ ಸ್ವಲ್ಪ ಜೋರು ಮಾಡಿ.” ಅವರು ಮಾಡಿದರು. ಹುಡುಗ ಶುಕ್ರವಾರ ಬೆಳಿಗ್ಗೆ ಹೊಟ್ಟೆನೋವು ಎನ್ನಲು ಶುರುಮಾಡಿದ.

ಆರು ತಿಂಗಳ ಮೇಲೆ ಅವನ ಶಾಲೆಯಲ್ಲಿ ಇಂಗ್ಲಿಷ್ ಓದಿನಲ್ಲೂ ತೊಂದರೆಯಿದೆ ಎಂದು ಗೊತ್ತಾಯಿತು. ಮಕ್ಕಳಿಗೆ ಓದು ಕಲಿಸುವುದನ್ನೇ ಸ್ನಾತಕೋತ್ತರ ಪದವಿಗೆ ಓದಿಕೊಂಡ ಒಬ್ಬ ಶಿಕ್ಷಕಿ ಆ ಶಾಲೆಯಲ್ಲಿದ್ದರು, ಐರ್ಲೆಂಡಿನವರು. ಅವರು ಹುಡುಗ ಬೇರೆ ಯಾವ ಲಿಪಿ ಕಲಿಯುತ್ತಿದ್ದಾನೆ ಎಂದು ಕೇಳಿ, ಆ ಲಿಪಿ ಕಲಿಸುವವರನ್ನೂ ನೋಡಬೇಕು ಅಂದರಂತೆ. ಅಪ್ಪ ನನ್ನನ್ನು ಕರೆದುಕೊಂಡು ಹೋದರು. ನಾನು ಶಿಸ್ತಾಗಿ ಅಂಕಪಟ್ಟಿ ಹಿಡಿದುಕೊಂಡು ಹೋದೆ. ಹತ್ತಕ್ಕೆ ಎರಡು, ಹತ್ತಕ್ಕೆ ಮೂರು, ಹತ್ತಕ್ಕೆ ಎರಡು.

ಅವರು ನೋಡಿ, ಇದು ಫಲಿತಾಂಶ, ತಪ್ಪುಗಳು ಎಲ್ಲಿವೆ ಎಂದು ಕೇಳಿದರು. ಹುಡುಗ ಬಿಡಿ ಅಕ್ಷರದಲ್ಲಿ ನಿಲ್ಲುತ್ತಾನೋ, ಸ್ವರಚಿಹ್ನೆ ಬಂದಾಗ ನಿಲ್ಲುತ್ತಾನೋ, ಒತ್ತಕ್ಷರದಲ್ಲೋ? ನೋಡಲು ಒಂದೇ ಥರ ಇರುವ ಅಕ್ಷರ ತಪ್ಪುತ್ತಾನೋ, ಕೇಳಲು ಒಂದೇ ಥರ ಇರುವುದನ್ನೋ? ‘ಕಮಲ’ದಲ್ಲಿ ‘ಕ’ ತೆಗೆದರೆ ಏನುಳಿಯಿತು ಅಂದರೆ ಹೇಳುತ್ತಾನೋ? ಅದೇ ಪ್ರಶ್ನೆ ತುಳುವಿನ ಪದ ಕೊಟ್ಟು ಕೇಳಿದರೆ? ನೀವು ಓದಿ ಹೇಳಿದರೆ ಕತೆ ಅರ್ಥವಾಗುತ್ತದೋ, ಅಥವಾ ಕನ್ನಡವೇ ಅರ್ಥವಾಗುತ್ತಿಲ್ಲವೋ?

ಒಂದಕ್ಕೂ ನನ್ನ ಬಳಿ ಉತ್ತರ ಇರಲಿಲ್ಲ. ಆಡಿಟರಾಗಿ ಹೇಳುವುದಾದರೆ, ವರ್ಕಿಂಗ್ ಪೇಪರ್ ಒಂದೂ ಇಲ್ಲದೆ ನಾನು ವರದಿಗೆ ಸಹಿ ಹಾಕಿದ್ದೆ. ವರದಿಯಲ್ಲಿ ಬರೆದದ್ದು ‘ಆಸಕ್ತಿ ಇಲ್ಲ’.

ಕೊನೆಯಲ್ಲಿ ಅವರು ಪುಸ್ತಕದ ‘ಸೂರ್ಯ’ ಎಂಬ ಪದ ತೋರಿಸಿ, ಕೊನೆಯ ಗುರುತು ಯಾವುದು ಅಂದರು. ಅರ್ಕಾವತ್ತು, ರಕಾರದ ಸದ್ದು ಎಂದೆ. ಅದನ್ನು ಯ ಆದ ಮೇಲೆ ಹೇಳುತ್ತೀರಾ? ಇಲ್ಲ, ಮೊದಲೇ ಹೇಳುತ್ತೇವೆ. ಬರೆಯುವುದು? ಆಮೇಲೆ. ಇದನ್ನು ಮಕ್ಕಳಿಗೆ ಹೇಳಿದ್ದೀರಾ? ಹೇಳಿರಲಿಲ್ಲ. ಹೇಳಬೇಕು ಎಂದು ಹೊಳೆದೂ ಇರಲಿಲ್ಲ. ಮೂವತ್ತೈದು ವರ್ಷದಿಂದ ಬರೆಯುತ್ತಿದ್ದ ಗುರುತನ್ನು ಕನ್ನಡದ ಒಂದಕ್ಷರ ಬಾರದ ಹೆಂಗಸು ಮೊದಲ ಸಲ ನನಗೆ ಕಾಣಿಸಿದರು. ಅವರಿಗೆ ಕನ್ನಡ ಬರುತ್ತಿರಲಿಲ್ಲ, ಓದು ಕಲಿಸುವುದು ಬರುತ್ತಿತ್ತು. ನನ್ನದು ತದ್ವಿರುದ್ಧ.

ಅಂದಿನಿಂದ ಸಿಕ್ಕಿದ್ದನ್ನೆಲ್ಲ ಓದತೊಡಗಿದೆ. ನಾಚಿಕೆಯಾದದ್ದು, ಇದೆಲ್ಲ ಈಗಾಗಲೇ ಗೊತ್ತಿರುವ ವಿಷಯ ಎಂದು ತಿಳಿದಾಗ. ಕನ್ನಡದ ಮಕ್ಕಳು ಓದು ಕಲಿಯುವ ಬಗೆಯನ್ನು ಸೋನಾಲಿ ನಾಗ್ ಅಧ್ಯಯನ ಮಾಡಿ 2007ರಲ್ಲೇ ಪ್ರಕಟಿಸಿದ್ದಾರೆ. ಇಂಗ್ಲಿಷಿನ 26 ಅಕ್ಷರಗಳಂತೆ ಕನ್ನಡದ ಅಕ್ಷರಗಳು ಮೊದಲ ಒಂದೆರಡು ವರ್ಷದಲ್ಲಿ ಕೈವಶವಾಗುವುದಿಲ್ಲ, ನಾಲ್ಕನೇ ತರಗತಿಯಲ್ಲೂ ಮಕ್ಕಳು ಅಕ್ಷರ ಕಲಿಯುತ್ತಲೇ ಇರುತ್ತಾರೆ ಎಂಬುದು ಅದರ ಸಾರ. ಲೆಕ್ಕ ಹಾಕಿದರೆ ಆಶ್ಚರ್ಯವೇನಿಲ್ಲ. 34 ವ್ಯಂಜನಕ್ಕೆ 15ರಂತೆ ಕಾಗುಣಿತ ಕಟ್ಟಿದರೆ 510 ಆಯಿತು, ಒತ್ತಕ್ಷರ ಇನ್ನೂ ಸೇರಿಲ್ಲ. ನಾವೋ ‘49 ಅಕ್ಷರ, ಆರು ತಿಂಗಳಲ್ಲಿ ಮುಗಿಸೋಣ’ ಎಂದು ಪಾಲಕರಿಗೆ ಮಾತು ಕೊಡುತ್ತೇವೆ. ಇನ್ನೊಂದು, ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದ ಶೈಲಜಾ ಮೆನನ್ ಮತ್ತು ಜೊತೆಗಾರರು ನಮ್ಮ ಯಾದಗಿರಿಯಲ್ಲೂ ಮಹಾರಾಷ್ಟ್ರದ ಪಾಲ್ಘರ್ ಜಿಲ್ಲೆಯಲ್ಲೂ ಮೂರು ವರ್ಷ ಮಕ್ಕಳ ಬೆನ್ನು ಹತ್ತಿ ಮಾಡಿದ ಅಧ್ಯಯನ. ಪಾಠವೆಲ್ಲ ಅಕ್ಷರ ತಿದ್ದಿಸುವುದರಲ್ಲೇ ಕಳೆದು, ಅರ್ಥದ ಕಡೆಗೆ ಗಮನವೇ ಇಲ್ಲದಿರುವುದನ್ನು ಅವರು ವಿವರವಾಗಿ ತೋರಿಸಿದ್ದಾರೆ. ಅದನ್ನು ಓದುವಾಗ ನನಗೆ ಯಾದಗಿರಿ ಕಾಣಲಿಲ್ಲ, ಅಲ್ ಕುಸೈಸ್‌ನ ನನ್ನ ಚಾಪೆ ಕಂಡಿತು.

ಮತ್ತೊಂದು ತಪ್ಪೊಪ್ಪಿಗೆ. ಕರ್ನಾಟಕದ ಸರಕಾರಿ ಶಾಲೆಗಳಲ್ಲಿ ‘ರ, ಗ, ಸ, ದ, ಅ’ ಎಂದು ಶುರುಮಾಡುತ್ತಾರೆ ಎಂದು ಕೇಳಿ, ‘ನಮ್ಮ ಸರಕಾರಕ್ಕೆ ವರ್ಣಮಾಲೆಯೂ ಸರಿಯಾಗಿ ಬರುವುದಿಲ್ಲ’ ಎಂದು ನಾನು ಪಾರ್ಟಿಗಳಲ್ಲಿ ನಗಿಸಿದ್ದೇನೆ. ಬರೆಯಲು ಸುಲಭವಾದ ಆ ಐದಕ್ಷರ ಕಲಿತ ಮಗು ಮರುದಿನವೇ ಸರ, ರಸ, ದರ, ಅರಸ, ಅಗಸ, ಗರಗಸ ಓದಬಲ್ಲದು. ನನ್ನ ಅ ಆ ಇ ಈ ಉ ಊ ಕಲಿತ ಮಗು ಏನು ಓದೀತು? ಆ, ಈ ಎಂಬೆರಡು ಬಿಟ್ಟರೆ ಹೆಚ್ಚೇನಿಲ್ಲ. ನಾನು ನಕ್ಕದ್ದು ನನಗಿಂತ ಹೆಚ್ಚು ಯೋಚಿಸಿದವರನ್ನು. 1995ರಲ್ಲಿ ಹೆಗ್ಗಡದೇವನಕೋಟೆಯ ಪ್ರಾಥಮಿಕ ಶಾಲಾ ಶಿಕ್ಷಕರು ಆಂಧ್ರದ ರಿಷಿವ್ಯಾಲಿಗೆ ಹೋಗಿ ನೋಡಿ, ಕಲಿತು ಬಂದು, ಯುನಿಸೆಫ್ ನೆರವಿನಿಂದ ನಲಿ-ಕಲಿ ಕಟ್ಟಿದರು. ಹಳ್ಳಿ ಶಾಲೆಯ ಮೇಷ್ಟರು ‘ನಮಗೆ ಗೊತ್ತಿಲ್ಲ, ಕಲಿಯಬೇಕು’ ಎಂದು ಹೊರಟರು. ದುಬೈಯ ಸಿ.ಎ. ಹೊರಡಲಿಲ್ಲ.

ಇಲ್ಲಿ ಒಂದು ಮಾತು ಸ್ಪಷ್ಟವಾಗಲಿ. 2014ರಿಂದ ಕನ್ನಡ ಮಿತ್ರರು ಸಂಘಟನೆ ದುಬೈಯಲ್ಲಿ ಉಚಿತವಾಗಿ ಕನ್ನಡ ಪಾಠಶಾಲೆ ನಡೆಸುತ್ತಿದೆ, ನೂರಾರು ಮಕ್ಕಳು ಬಂದಿದ್ದಾರೆ, ಸಂಬಳವಿಲ್ಲದೆ ಕಲಿಸುತ್ತಿದ್ದಾರೆ. ಅಂಥವರು ಇಲ್ಲದಿದ್ದರೆ ಈ ಚರ್ಚೆಗೆ ವಿಷಯವೇ ಇರುತ್ತಿರಲಿಲ್ಲ. ಕೆಲಸ, ಅಡಿಗೆ, ಮಕ್ಕಳ ಪರೀಕ್ಷೆ ಎಲ್ಲ ಮುಗಿಸಿ ರಜೆಯ ದಿನ ಇನ್ನೊಬ್ಬರ ಮಕ್ಕಳನ್ನು ಕೂರಿಸಿಕೊಳ್ಳುವ ಹೆಂಗಸರ ಮೇಲೆ ನನ್ನ ದೂರಿಲ್ಲ. ಅವರ ಕೈಗೆ ಸೀಮೆಸುಣ್ಣ ಮಾತ್ರ ಕೊಟ್ಟು, ವಿದ್ಯೆ ಕೊಡದೆ, ವರ್ಷಕ್ಕೊಮ್ಮೆ ವೇದಿಕೆಗೆ ಕರೆದು ಚಪ್ಪಾಳೆ ತಟ್ಟುವ ನಮ್ಮ ಮೇಲೆ ನನ್ನ ದೂರು.

ಬೇಕಾಗಿರುವುದು ಒಂದು ಪದವಿ. ಕನ್ನಡದಲ್ಲಿ ಓದು ಕಲಿಸುವುದನ್ನೇ ವಿಷಯವಾಗಿ ಇಟ್ಟುಕೊಂಡ ಸ್ನಾತಕೋತ್ತರ ಅಧ್ಯಯನ. ‘ಕನ್ನಡ ಎಂ.ಎ. ಇದೆಯಲ್ಲ’ ಎನ್ನುತ್ತಾರೆ. ಎಂ.ಎ.ಯಲ್ಲಿ ಪಂಪ, ರನ್ನ, ವಚನ, ಕಾವ್ಯಮೀಮಾಂಸೆ, ಭಾಷಾವಿಜ್ಞಾನ ಓದುತ್ತಾರೆ. ಆರು ವರ್ಷದ ಮಗು ‘ಕೊ’ ಮತ್ತು ‘ಕೋ’ ನಡುವೆ ಯಾಕೆ ಎಡವುತ್ತದೆ ಎಂಬುದು ಅಲ್ಲಿನ ವಿಷಯವಲ್ಲ. ಬಿ.ಇಡಿ.ಯಲ್ಲಿ ಕನ್ನಡ ಬೋಧನೆಯ ಪತ್ರಿಕೆ ಇದೆ. ಅದರ ಕಣ್ಣು ಪ್ರೌಢಶಾಲೆಯ ಮೇಲೆ, ಈಗಾಗಲೇ ಓದಲು ಬರುವ ಮಕ್ಕಳ ಮೇಲೆ. ಅಂದರೆ ಒಬ್ಬರು ಎಂ.ಎ., ಬಿ.ಇಡಿ. ಎರಡನ್ನೂ ಪ್ರಥಮ ದರ್ಜೆಯಲ್ಲಿ ಮುಗಿಸಿಯೂ ಮಗು ಓದಲು ತೊಡಗುವ ಆ ಘಳಿಗೆಯನ್ನು ಒಂದು ದಿನವೂ ಅಭ್ಯಾಸ ಮಾಡದೆ ಇರಬಹುದು. ಅಮೆರಿಕದಲ್ಲಿ ಓದಿನ ತಜ್ಞ ಶಿಕ್ಷಕರೆಂಬ ವರ್ಗವೇ ಇದೆ, ಅವರ ತರಬೇತಿಗೆ ಪ್ರತ್ಯೇಕ ಸ್ನಾತಕೋತ್ತರ ಪದವಿಗಳಿವೆ, 1956ರಿಂದ ಅಂತಾರಾಷ್ಟ್ರೀಯ ಸಂಘವೇ ಇದೆ. ಇಂಗ್ಲಿಷಿಗೆ ಅದು ಬೇಕು, ನಮ್ಮದು ‘ಬರೆದಂತೆ ಓದುವ ಭಾಷೆ’, ನಮಗೆ ಬೇಡ ಎನ್ನುವವರಿಗೆ ಮತ್ತೊಮ್ಮೆ ‘ಸೂರ್ಯ’ನನ್ನು ತೋರಿಸುತ್ತೇನೆ.

ಪರದೇಶದಲ್ಲಿ ಇದರ ಅಗತ್ಯ ಊರಿಗಿಂತ ಹೆಚ್ಚು. ವಾರಕ್ಕೆ ಎರಡು ಗಂಟೆ, ರಜೆ, ಬೇಸಿಗೆ ಎಲ್ಲ ಕಳೆದರೆ ವರ್ಷಕ್ಕೆ ಮೂವತ್ತೈದು ವಾರ. ಒಟ್ಟು 70 ಗಂಟೆ. ಊರಿನ ಮಗುವಿಗೆ ಬಸ್ಸಿನ ಬೋರ್ಡು, ಅಂಗಡಿಯ ಫಲಕ, ಕಡಲೆ ಕಟ್ಟಿಕೊಟ್ಟ ಕಾಗದ, ಎಲ್ಲವೂ ಪಾಠ. ಇಲ್ಲಿ ಫಲಕಗಳಲ್ಲಿ ಅರಬಿ, ಇಂಗ್ಲಿಷ್. ಮೇಲಾಗಿ ಅರ್ಧ ಮಕ್ಕಳಿಗೆ ಕನ್ನಡ ಮನೆಮಾತೂ ಅಲ್ಲ. ಸಮಯ ಕಡಿಮೆ, ನೆರವು ಕಡಿಮೆ ಇರುವಲ್ಲಿ ಕಲಿಸುವವರ ಕೈ ಹೆಚ್ಚು ಪಳಗಿರಬೇಕು. ನಾವು ಅಲ್ಲಿಗೇ ಪಳಗದ ಕೈಯನ್ನು ಕಳಿಸುತ್ತೇವೆ, ಆಮೇಲೆ ‘ಇಲ್ಲಿ ಹುಟ್ಟಿದ ಮಕ್ಕಳಿಗೆ ಭಾಷಾಭಿಮಾನ ಇಲ್ಲ’ ಎಂದು ಕೊರಗುತ್ತೇವೆ.

ನಮ್ಮ ಪಕ್ಕದ ಮನೆಯವರನ್ನು ನೋಡಿ. ಕೇರಳ ಸರಕಾರ 2009ರಿಂದ ಮಲಯಾಳಂ ಮಿಷನ್ ನಡೆಸುತ್ತಿದೆ. ಕಣಿಕ್ಕೊನ್ನ, ಸೂರ್ಯಕಾಂತಿ, ಆಂಬಲ್, ನೀಲಕುರಿಂಜಿ ಎಂದು ಹೂವಿನ ಹೆಸರಿನ ನಾಲ್ಕು ಹಂತ; ಪ್ರತಿ ಹಂತಕ್ಕೂ ಪಠ್ಯ, ಪರೀಕ್ಷೆ, ಪ್ರಮಾಣಪತ್ರ; ಕಲಿಸುವ ಸ್ವಯಂಸೇವಕರಿಗೆ ತರಬೇತಿ. ದುಬೈ, ಅಬುಧಾಬಿ ಎರಡರಲ್ಲೂ ಅದರ ಶಾಖೆಗಳಿವೆ. ತಮಿಳರು 2001ರಿಂದ ಇಂಟರ್ನೆಟ್ಟಿನ ಮೂಲಕವೇ ಹೊರದೇಶದವರಿಗೆ ತಮಿಳು ಕಲಿಸುತ್ತಿದ್ದಾರೆ. ಅವರ ವ್ಯವಸ್ಥೆಯೂ ನಾನು ಹೇಳುವ ಪದವಿಯಲ್ಲ, ಆದರೆ ಕಲಿಸುವವರೂ ಕಲಿಯಬೇಕು ಎಂದು ಅವರು ಒಪ್ಪಿಕೊಂಡಾಗಿದೆ. ಸಿ.ಬಿ.ಎಸ್.ಇ.ಯಲ್ಲಿ ಕನ್ನಡವೂ ಒಂದು ವಿಷಯ, ಸಂಕೇತ ಸಂಖ್ಯೆ 015. ಅದನ್ನು ಇಲ್ಲಿನ ಶಾಲೆಯಲ್ಲಿ ತೆರೆಯಿರಿ ಎಂದು ಕೇಳಹೊರಟರೆ ಪ್ರಾಂಶುಪಾಲರ ಮೊದಲ ಪ್ರಶ್ನೆ, ಶಿಕ್ಷಕರ ಅರ್ಹತೆ ಏನು ಎಂಬುದೇ ಆಗಿರುತ್ತದೆ. ಎರಡು ಶಾಲು ತೋರಿಸಿದರೆ ಆಗುತ್ತದೆಯೇ?

ನಾವಿರುವ ದೇಶ ಓದನ್ನು ಎಷ್ಟು ಗಂಭೀರವಾಗಿ ತೆಗೆದುಕೊಂಡಿದೆ ಎಂಬುದಾದರೂ ನಮಗೆ ಕಾಣಬೇಕಿತ್ತು. 2015ರಲ್ಲಿ ಅರಬ್ ಓದಿನ ಸ್ಪರ್ಧೆ, 2016 ಓದಿನ ವರ್ಷ, ಅದೇ ವರ್ಷ ಓದಿಗೆಂದೇ ಒಂದು ಕಾನೂನು. 2022ರಲ್ಲಿ ಅಲ್ ಜದ್ದಾಫ್‌ನಲ್ಲಿ, ಪುಸ್ತಕ ಇಡುವ ಮರದ ಪೀಠದ ಆಕಾರದಲ್ಲಿ ಕಟ್ಟಿದ ಗ್ರಂಥಾಲಯ ತೆರೆಯಿತು. ಅದರ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳದ ಕನ್ನಡಿಗನಿಲ್ಲ.

ಹಣದ ಮಾತಿಗೆ ಬರುತ್ತೇನೆ, ಅದು ನನ್ನ ಕಸುಬು. ಒಂದು ಸಣ್ಣ ಸಂಘಕ್ಕೆ ನಾನು ಖಜಾಂಚಿ, ಹೆಸರು ಬೇಡ. ನಮ್ಮ ರಾಜ್ಯೋತ್ಸವದ ಒಂದು ಸಂಜೆಗೆ ಸಭಾಂಗಣ, ಧ್ವನಿ, ಬೆಳಕು, ಬೆಂಗಳೂರಿನಿಂದ ಬರುವ ತಾರೆಯ ಟಿಕೆಟು, ಹೋಟೆಲು, ಅವರ ಜೊತೆ ಬರುವವರ ಟಿಕೆಟು ಎಲ್ಲ ಸೇರಿ ಐದಂಕಿಯ ದಿರ್ಹಮ್ ಖರ್ಚಾಗುತ್ತದೆ. ಅದೇ ವರ್ಷದ ಲೆಕ್ಕದಲ್ಲಿ ‘ಕನ್ನಡ ತರಗತಿ’ ಎಂಬ ತಲೆಬರಹದ ಕೆಳಗೆ ಇದ್ದದ್ದು 340 ದಿರ್ಹಮ್. ಮಾರ್ಕರ್, ಫೋಟೊಕಾಪಿ, ಜ್ಯೂಸ್. ಅದರಲ್ಲೂ ಜ್ಯೂಸೇ ಹೆಚ್ಚು. ಆ ಲೆಕ್ಕವನ್ನು ನಾನೇ ಬರೆದೆ, ನಾನೇ ಓದಿ ಹೇಳಿದೆ, ಸಭೆ ಸರ್ವಾನುಮತದಿಂದ ಅಂಗೀಕರಿಸಿತು.

ಹಿರಿಯರೊಬ್ಬರಿಗೆ ಇದನ್ನೆಲ್ಲ ಹೇಳಿದಾಗ ಅವರು ನಕ್ಕರು. “ನಾವೆಲ್ಲ ಮರಳಿನ ಮೇಲೆ ಬರೆದು ಕಲಿತವರಲ್ಲವೋ? ನಮ್ಮ ಮಾಸ್ಟ್ರಿಗೆ ಯಾವ ಪದವಿ ಇತ್ತು?” ಒಳ್ಳೆಯ ಪ್ರಶ್ನೆ. ನಾವು ಕಲಿತೆವು, ನಿಜ. ಕಲಿಯದೆ ಹೋದವರ ಲೆಕ್ಕ ಇಟ್ಟವರು ಯಾರು? ನನ್ನ ಜೊತೆ ಒಂದನೇ ತರಗತಿಗೆ ಸೇರಿದವನೊಬ್ಬ ಮೂರನೇ ತರಗತಿಯಲ್ಲಿ ಶಾಲೆ ಬಿಟ್ಟ. ‘ಇವನ ತಲೆಗೆ ಹತ್ತುವುದಿಲ್ಲ’ ಎಂದು ಮಾಸ್ಟ್ರು ತೀರ್ಪು ಕೊಟ್ಟಿದ್ದರು, ಊರೂ ಒಪ್ಪಿತ್ತು. ಮುಂಬಯಿಯ ಹೋಟೆಲಿನಲ್ಲಿ ಲೋಟ ತೊಳೆದು, ಈಗ ಊರಲ್ಲಿ ಅಡಿಕೆ ವ್ಯಾಪಾರದಲ್ಲಿದ್ದಾನೆ. ಬಾಯಿಲೆಕ್ಕದಲ್ಲಿ ನನ್ನನ್ನು ಸೋಲಿಸುತ್ತಾನೆ. ದಡ್ಡನಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಮಾತ್ರ ಇಂದಿಗೂ ಧ್ವನಿ ಸಂದೇಶವನ್ನೇ ಕಳಿಸುತ್ತಾನೆ. ನಾನು ಬರೆದು ಕಳಿಸಿದರೆ ಎರಡು ದಿನ ಉತ್ತರ ಬರುವುದಿಲ್ಲ, ಮಗಳು ಹಾಸ್ಟೆಲಿನಿಂದ ಬಂದ ಮೇಲೆ ಬರುತ್ತದೆ. ಮಾಸ್ಟ್ರು ಅವನಿಗೆ ಹೇಳಿದ್ದನ್ನೇ ನಾನು ಅಲ್ ಕುಸೈಸ್‌ನಲ್ಲಿ ಬೇರೆ ಮಾತಿನಲ್ಲಿ ಹೇಳಿದ್ದೆ.

ಪದವಿ ಪಡೆದವರೆಲ್ಲ ಒಳ್ಳೆಯ ಶಿಕ್ಷಕರಾಗುವುದಿಲ್ಲ, ಒಪ್ಪುತ್ತೇನೆ. ಸಿ.ಎ. ಮಾಡಿಯೂ ಬ್ಯಾಂಕಿನ ತಾಳೆಪಟ್ಟಿ ಸರಿಹೊಂದಿಸಲಾರದವರನ್ನು ನಾನು ಕೆಲಸಕ್ಕೆ ಇಟ್ಟುಕೊಂಡು ಅನುಭವಿಸಿದ್ದೇನೆ. ಹಾಗೆಂದು ಪರೀಕ್ಷೆಯನ್ನೇ ರದ್ದು ಮಾಡಿ ಎಂದು ಯಾರೂ ಹೇಳುವುದಿಲ್ಲ. ಸ್ವಯಂಸೇವಕರಿಗೆ ಎಲ್ಲಿ ಸಮಯ ಎಂಬುದು ಇನ್ನೊಂದು ಆಕ್ಷೇಪ. ಅದಕ್ಕೇ ನಾನು ಕೇಳುತ್ತಿರುವುದು ಒಂದು ವರ್ಷದ, ವಾರಾಂತ್ಯದಲ್ಲಿ ಕೂತು ಮುಗಿಸಬಹುದಾದ ಸ್ನಾತಕೋತ್ತರ ಡಿಪ್ಲೊಮಾ. ಮೈಸೂರಿನಲ್ಲಿ 1969ರಿಂದ ಭಾರತೀಯ ಭಾಷಾ ಸಂಸ್ಥಾನ ಇದೆ, ಹಂಪಿಯಲ್ಲಿ 1991ರಿಂದ ಕನ್ನಡಕ್ಕೆಂದೇ ಒಂದು ವಿಶ್ವವಿದ್ಯಾಲಯ ಇದೆ. ಇವರ ಬಾಗಿಲು ತಟ್ಟಿ, ನಮ್ಮ ಸಂಘಗಳೆಲ್ಲ ಸೇರಿ ಇಂತಿಷ್ಟು ವಿದ್ಯಾರ್ಥಿಗಳ ಶುಲ್ಕ ಕಟ್ಟುತ್ತೇವೆ, ಕೋರ್ಸು ಕೊಡಿ ಎಂದು ಕೇಳೋಣ. ಅರ್ಧ ಪುಸ್ತಕದ ಪಾಠ, ಅರ್ಧ ಆರ್ಟಿಕಲ್‌ಶಿಪ್. ಪ್ರತಿಯೊಬ್ಬರೂ ಓದಲು ಕಷ್ಟಪಡುವ ಮೂರು ಮಕ್ಕಳ ಜೊತೆ ವರ್ಷಪೂರ್ತಿ ಕೂತು, ಯಾವ ದಿನ ಯಾವ ಪದದಲ್ಲಿ ಎಡವಿದರು, ಏನು ಮಾಡಿದ್ದಕ್ಕೆ ದಾಟಿದರು ಎಂದು ಕಡತ ಬರೆಯಬೇಕು. ಕಡತ ಇಲ್ಲದವರಿಗೆ ಪದವಿ ಇಲ್ಲ. ಸಂಘ ವರ್ಷಕ್ಕೆ ಇಬ್ಬರ ಶುಲ್ಕ ಕಟ್ಟಲಿ, ಅವರು ಮೂರು ವರ್ಷ ಕಲಿಸಲಿ.

ಪುತ್ತೂರಿನಲ್ಲಿ ಬಾಲವನದ ಮುಂದೆ ಹಾದುಹೋಗುವಾಗಲೆಲ್ಲ ನೆನಪಾಗುತ್ತದೆ. ಶಿವರಾಮ ಕಾರಂತರಂಥವರು ಮಕ್ಕಳು ಕಲಿಯುವ ಬಗೆಯನ್ನು ತಮ್ಮ ಕೆಲಸ ಎಂದುಕೊಂಡು ಅಲ್ಲಿ ಪ್ರಯೋಗ ಮಾಡಿದರು. ನಮ್ಮ ಜಿಲ್ಲೆಯವರೇ ಆದ ಪಂಜೆ ಮಂಗೇಶರಾಯರು ಶಾಲಾ ಮಾಸ್ತರಿಕೆ ಮಾಡುತ್ತಲೇ ಮಕ್ಕಳಿಗೆ ಬರೆದರು. ಅವರ ಹೆಸರನ್ನು ನಾವು ವೇದಿಕೆಯ ಬ್ಯಾನರಿಗೆ ಬಳಸುತ್ತೇವೆ.

ಆ ಹುಡುಗ ಈಗ ದೊಡ್ಡವನಾಗಿದ್ದಾನೆ. ಇಂಗ್ಲಿಷನ್ನು ನಿಧಾನವಾಗಿ, ಸರಿಯಾಗಿ ಓದುತ್ತಾನೆ. ಕನ್ನಡ ತರಗತಿಗೆ ಮತ್ತೆ ಬರಲಿಲ್ಲ. ಕರೆಯಲು ನನಗೂ ಮುಖ ಇರಲಿಲ್ಲ. ನಾನು ಕಲಿಸುವುದನ್ನು ನಿಲ್ಲಿಸಿದ್ದೇನೆ. ನನ್ನ ಜಾಗದಲ್ಲಿ ಕೂತಿರುವವರು ಒಬ್ಬ ಎಂಜಿನಿಯರ್, ಒಳ್ಳೆಯ ಮನುಷ್ಯ, ಅವರಿಗೂ ಕನ್ನಡ ಬರುತ್ತದೆ.

ಈ ವರ್ಷದ ಕಾರ್ಯಕಾರಿ ಸಮಿತಿಯ ಸಭೆಗೆ ಇಬ್ಬರ ತರಬೇತಿ ಶುಲ್ಕದ ಪ್ರಸ್ತಾಪ ಕಳಿಸಿದೆ. ಕಾರ್ಯಸೂಚಿಯಲ್ಲಿ ಅದು ಒಂಬತ್ತನೆಯ ವಿಷಯವಾಗಿ ‘ಇತರೆ’ಯ ಕೆಳಗೆ ಬಂದಿದೆ, ತಾರೆಯ ಟಿಕೆಟು ಎರಡನೆಯದು. ಬಜೆಟ್ಟಿಗೆ ಖಜಾಂಚಿಯ ಸಹಿ ಬೇಕು. ಕಾಗದ ಮೂರು ವಾರದಿಂದ ನನ್ನ ಮೇಜಿನ ಮೇಲಿದೆ, ಕಾರ್ಯದರ್ಶಿಗಳು ದಿನಕ್ಕೆರಡು ಸಲ ಫೋನ್ ಮಾಡುತ್ತಿದ್ದಾರೆ. ಒಂಬತ್ತನ್ನು ಎರಡಕ್ಕೆ ತರುವವರೆಗೆ ನಾನು ಸಹಿ ಹಾಕುವುದಿಲ್ಲ.